ಜಲಪಾತದ ಪರದೆ ಅಲ್ಲಾಡಿದ ಚುನಾವಣೆ

ಹೋದ ತಿಂಗಳು ಮತ್ತಿಗಿರಿಯ ರಿಪೇರಿ ಅಂಗಡಿಗೆ ಮಿಕ್ಸಿ ಕೊಡಲು ಹೋಗಿದ್ದೆ. ಅಂಗಡಿಯವನು ಯಾರದೋ ದಪ್ಪ ಡಬ್ಬಿಯಂಥ ಹಳೇ ಟಿವಿಯ ಬೆನ್ನು ಬಿಚ್ಚಿ, ಅದನ್ನು ಹಾಗೇ ಓಡಲು ಬಿಟ್ಟು ಟೀ ಕುಡಿಯುತ್ತಿದ್ದ. ಕಾದ ಧೂಳು, ಕಾದ ತಂತಿ ಎರಡೂ ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮಿಕ್ಸಿಗೆ ಏನಾಗಿದೆ ಅಂತ ಹೇಳುವುದನ್ನೂ ಮರೆತು ನಗತೊಡಗಿದೆ. “ಏನಕ್ಕಾ?” ಅಂದ. “ಏನಿಲ್ಲಪ್ಪ, ಒಂದು ಎಲೆಕ್ಷನ್ ನೆನಪಾಯ್ತು” ಅಂದೆ. ಟಿವಿ ವಾಸನೆಗೆ ಎಲೆಕ್ಷನ್ ನೆನಪಾಗುವ ಹೆಂಗಸು ಅವನಿಗೆ ಸಿಕ್ಕಿದ್ದು ಅದೇ ಮೊದಲಿರಬೇಕು, ಮಿಕ್ಸಿಯನ್ನು ಸ್ವಲ್ಪ ಅನುಮಾನದಿಂದಲೇ ತೆಗೆದುಕೊಂಡ.

ಎರಡು ಸಾವಿರ ಇಸವಿ ದಾಟಿದ ಹೊಸತು. ಗುಮ್ಮಳಾಪುರದಿಂದ ಸಾನಮಾವು ಕಾಡಿನ ಅಂಚಿನ ಊರಿಗೆ ಸೊಸೆಯಾಗಿ ಬಂದು ನನಗಿನ್ನೂ ವರ್ಷ ತುಂಬಿರಲಿಲ್ಲ. ನಮ್ಮ ಯಜಮಾನರು ಮಂಜುನಾಥ ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸಕ್ಕೆ ಹೋಗುತ್ತಿದ್ದರು. ಮಾವ, ಅತ್ತೆ ರಾಗಿ, ಟೊಮೆಟೊ ಬೆಳೆಯುತ್ತಿದ್ದರು. ನನ್ನ ತವರಿನವರು ಮದುವೆಗೆ ಕೊಟ್ಟ ಬಣ್ಣದ ಟಿವಿ ನಮ್ಮ ಬೀದಿಗೆ ಒಂದೇ ಆದದ್ದರಿಂದ, ಸಂಜೆಯಾದರೆ ನಮ್ಮ ನಡುಮನೆಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಆ ಟಿವಿ ಅರ್ಧ ಗಂಟೆ ಓಡಿದರೆ ಸಾಕು, ಇದೇ ವಾಸನೆ ಮನೆಯೆಲ್ಲ ಹರಡುತ್ತಿತ್ತು. ನಮಗೆ ಅದು ಸಿನಿಮಾದ ವಾಸನೆ.

ಊರಿಗೆ ಒಂದೇ ಒಂದು ಪೀಡೆ ಇತ್ತು, ಅದು ನೀರಿನದು. ನೀರಿಲ್ಲ ಅಂತಲ್ಲ. ಬೋರಿನಲ್ಲಿ ಧಾರಾಳ ನೀರಿತ್ತು. ಆದರೆ ಪಂಚಾಯಿತಿ ಟ್ಯಾಂಕ್ ಇದ್ದದ್ದು ಕಾಡಿನ ಅಂಚಿನಲ್ಲಿ, ಅದರ ಬುಡದಲ್ಲೇ ನಲ್ಲಿಗಳು, ಮತ್ತು ನೀರು ಬಿಡುತ್ತಿದ್ದದ್ದು ಕೋಳಿ ಕೂಗುವ ಹೊತ್ತಿಗೆ, ಕತ್ತಲಿರುವಾಗಲೇ. ರಾಗಿ ತೆನೆ ಕಟ್ಟುವ ಕಾಲದಿಂದ, ಸಂಕ್ರಾಂತಿ ಕಳೆದು ಕಣದ ಕೆಲಸ ಮುಗಿಯುವ ತನಕ, ರಾತ್ರಿಯೆಲ್ಲ ಹೊಲದಲ್ಲಿ ಮೇಯ್ದ ಆನೆಗಳು ಕಾಡಿಗೆ ವಾಪಸು ಹೋಗುವುದೂ ಅದೇ ಹೊತ್ತಿಗೆ, ಅದೇ ದಾರಿಯಲ್ಲಿ. ಹಿಂದಿನ ವರ್ಷ ನಮ್ಮ ಅತ್ತೆ ರತ್ನಮ್ಮ ತುಂಬಿದ ಬಿಂದಿಗೆ ಬಿಸಾಕಿ ಓಡಿ ಜೀವ ಉಳಿಸಿಕೊಂಡಿದ್ದರು. ಬೆಳಕಾದ ಮೇಲೆ ಹೋಗಿ ನೋಡಿದರೆ ಹಿತ್ತಾಳೆ ಬಿಂದಿಗೆ ತಟ್ಟೆಯ ಹಾಗೆ ಚಪ್ಪಟೆಯಾಗಿ ಬಿದ್ದಿತ್ತಂತೆ. ಅದನ್ನು ತಂದು ನಡುಮನೆಯ ಗೋಡೆಗೆ, ದೇವರ ಪಟಗಳ ಸಾಲಿನಲ್ಲೇ ನೇತುಹಾಕಿದ್ದರು. ಬಂದವರೆಲ್ಲ ಅದನ್ನೂ ನೋಡಿ ಕೈಮುಗಿಯುತ್ತಿದ್ದರು.

ಹಗಲಲ್ಲಿ ನೀರು ಬಿಟ್ಟರೆ ಆಗದೇ? ಹಗಲೆಲ್ಲ ಆ ಬೋರಿನ ನೀರು ಕೃಷ್ಣಪ್ಪನ ಗುಲಾಬಿ ತೋಟಕ್ಕೆ ಹರಿಯುತ್ತಿತ್ತು. ಕೃಷ್ಣಪ್ಪ ಆಗ ಊರಿನ ಪಂಚಾಯಿತಿ ಅಧ್ಯಕ್ಷ. ಪಂಚೆಯ ಕೆಳಗೆ ಬಿಳೀ ಬೂಟು ಹಾಕುತ್ತಿದ್ದ ನಮ್ಮೂರಿನ ಏಕೈಕ ಗಂಡಸು. ಪಂಪಿನವನು ಅವನು ಹೇಳಿದ ಹಾಗೆ ಕೇಳುತ್ತಿದ್ದ. ಎಲ್ಲರಿಗೂ ಗೊತ್ತು, ಯಾರೂ ಕೇಳುವವರಿಲ್ಲ.

ಗಡಿಯ ಈಚೆ, ನಮ್ಮ ತಮಿಳುನಾಡಿನಲ್ಲಿ, ಪಂಚಾಯಿತಿ ಅಧ್ಯಕ್ಷರನ್ನು ಜನರೇ ನೇರವಾಗಿ ಓಟು ಹಾಕಿ ಆರಿಸುತ್ತಾರೆ. ಆ ಸಲ ಅಧ್ಯಕ್ಷ ಸ್ಥಾನ ಹೆಂಗಸರಿಗೆ ಮೀಸಲಾಯಿತು. ಕೃಷ್ಣಪ್ಪನಿಗೆ ಅದೇನೂ ತೊಂದರೆ ಅನಿಸಲಿಲ್ಲ, ಹೆಂಡತಿ ನಾಗವೇಣಿಯನ್ನು ನಿಲ್ಲಿಸಿದ. ನಮ್ಮ ಕಡೆ ಆಗ ಅದೇ ರೂಢಿ. ಪೋಸ್ಟರಿನಲ್ಲಿ ಕೈಮುಗಿದ ಗಂಡನ ಮುಖ ಮೊರದಗಲ, ಅಭ್ಯರ್ಥಿಯಾದ ಹೆಂಡತಿಯ ಮುಖ ಮೂಲೆಯಲ್ಲಿ ಬೊಟ್ಟಿನಷ್ಟು. ಅವಳ ವಿರುದ್ಧ ನಿಲ್ಲಲು ಯಾರೂ ಮುಂದೆ ಬರದಿದ್ದಾಗ ನಮ್ಮ ಅತ್ತೆ ಒಂದು ಬೆಳಿಗ್ಗೆ ಗೋಡೆಯ ಬಿಂದಿಗೆಯನ್ನು ನೋಡುತ್ತಾ, “ನಾನೇ ನಿಂತ್ಕತೀನಿ” ಅಂದರು. ಮಾವನ ಕೈಯಲ್ಲಿದ್ದ ಕಾಫಿ ಲೋಟ ಅರ್ಧದಲ್ಲೇ ನಿಂತಿತು.

“ನಿನ್ನ ಪೋಸ್ಟರ್‌ಗೆ ನನ್ ಫೋಟೋ ಬ್ಯಾಡ,” ಅಂದರು ಮಾವ ಕೊನೆಗೆ. “ನಾನು ಎಲ್ಲೂ ಬರಾಕಿಲ್ಲ. ಹಸ ಕರೆಯೋರು ಯಾರು?”

“ನಿನ್ನ ಕರ್ದೋರು ಯಾರು?” ಅಂದರು ಅತ್ತೆ. ನಮ್ಮ ಮನೆಯ ಚುನಾವಣಾ ಪ್ರಚಾರ ಶುರುವಾದದ್ದು ಹೀಗೆ.

ಇಷ್ಟರಲ್ಲಿ ಕೇಬಲ್ ಏಳುಮಲೈಗೆ ಒಂದು ಹುಚ್ಚು ಹಿಡಿಯಿತು. ಈ ಏಳುಮಲೈ ಮತ್ತಿಗಿರಿಯವನು, ನಮ್ಮ ಸುತ್ತಲಿನ ಊರುಗಳಿಗೆಲ್ಲ ಕೇಬಲ್ ಎಳೆದಿದ್ದವನು. ಅವನದೇ ಒಂದು ಲೋಕಲ್ ಚಾನೆಲ್ ಇತ್ತು. ಅದರಲ್ಲಿ ಹಳೇ ಸಿನಿಮಾ, ಪಾತ್ರೆ ಅಂಗಡಿಯ ಜಾಹೀರಾತು, ಯಾರಾದರೂ ಕಾಸು ಕೊಟ್ಟರೆ ಅವರ ಮನೆ ಮದುವೆಯ ಕ್ಯಾಸೆಟ್ ಬರುತ್ತಿತ್ತು. ದಿಲ್ಲಿಯ ಚಾನೆಲ್ಲಿನಲ್ಲಿ ಅವನು ಫಾರಿನ್ ದೇಶದ ಅಭ್ಯರ್ಥಿಗಳು ಎದುರೆದುರು ನಿಂತು ವಾದ ಮಾಡುವುದನ್ನು ನೋಡಿಬಿಟ್ಟಿದ್ದನಂತೆ. ನಮ್ಮ ಮನೆಗೇ ಬಂದು, ತಮಿಳು ಕನ್ನಡ ಎರಡನ್ನೂ ಕಲಸಿ, “ಅಮ್ಮಾ, ಅಂಗೆ ಫಾರಿನ್‌ನಲ್ಲಿ ಪ್ರೆಸಿಡೆಂಟು, ಇಂಗೆ ಊರಲ್ಲಿ ಪಂಚಾಯಿತಿ ಪ್ರೆಸಿಡೆಂಟು. ಎಲ್ಲಾ ಒಂದೇ. ನೀವೂ ನಾಗವೇಣಿಯಮ್ಮಾನೂ ನಮ್ಮ ಆಫೀಸ್ ಮಹಡಿಗೆ ಬರ್ಬೇಕು, ನಾನು ಕೇಳ್ತೀನಿ, ನೀವು ಹೇಳ್ಬೇಕು. ಗಂಡಂದಿರು ಮಾತ್ರ ಕೆಳಗಡೆನೇ ಇರ್ಬೇಕು!” ಅಂದ.

ಅತ್ತೆ ಒಪ್ಪಿಬಿಟ್ಟರು. ನಮ್ಮ ಮನೆ ಟಿವಿಯೊಳಗೆ ನಮ್ಮ ಅತ್ತೆ! ಸೀರೆ ಯಾವುದು ಅಂತ ಇಡೀ ಬೀದಿ ಸೇರಿ ಚರ್ಚೆ ಮಾಡಿತು. ಅವರು ಮಾತ್ರ ದಿನಾ ಉಡುವ ನೀಲಿ ಸೀರೆಯನ್ನೇ ಉಟ್ಟು, ಗೋಡೆಯ ಮೇಲಿದ್ದ ಚಪ್ಪಟೆ ಬಿಂದಿಗೆಯನ್ನು ಬ್ಯಾಗಿಗೆ ತುರುಕಿಕೊಂಡು, ಭಾನುವಾರ ಮಧ್ಯಾಹ್ನ ಮಗನ ಬೈಕಿನ ಹಿಂದೆ ಕುಳಿತು ಹೊರಟರು.

ಅದನ್ನು ಶೂಟ್ ಮಾಡಿದ್ದು ಮತ್ತಿಗಿರಿಯ ಕೇಬಲ್ ಆಫೀಸಿನ ಮಹಡಿಯಲ್ಲಿ, ಮದುವೆ ತೆಗೆಯುವ ಕ್ಯಾಮೆರಾದಲ್ಲಿ. ಅದೇ ಸಂಜೆ ಹಾಕಿದರು. ನಮ್ಮ ನಡುಮನೆ ಬಿರಿಯುವಷ್ಟು ಜನ. ಹೊರಗೆ ಜಗಲಿಯ ಮೇಲೆ ಗಂಡಸರು, ಕಿಟಕಿಗೆ ಜೋತುಬಿದ್ದ ಮಕ್ಕಳು. ಅತ್ತೆ ಒಳಗೆ ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತುಬಿಟ್ಟರು. ಟಿವಿಯಲ್ಲಿ ಹಾರ, ಶಂಖ, ಹೂವಿನ ಮಳೆ, ಎಲ್ಲ ಮದುವೆ ಕ್ಯಾಸೆಟ್ಟಿನದೇ ಅಲಂಕಾರ. ಆಮೇಲೆ ಏಳುಮಲೈ ಕೋಟು ಹಾಕಿಕೊಂಡು ಪ್ರತ್ಯಕ್ಷನಾದ. ಅವನ ಒಂದು ಕಡೆ ರೇಷ್ಮೆ ಸೀರೆಯ ನಾಗವೇಣಿ, ಇನ್ನೊಂದು ಕಡೆ ನಮ್ಮ ಅತ್ತೆ. ಹಿಂದೆ ದೊಡ್ಡ ಬಟ್ಟೆಯ ಪರದೆ, ಅದರ ಮೇಲೆ ಬಣ್ಣದಲ್ಲಿ ಬರೆದ ಜಲಪಾತ, ಜಲಪಾತದ ಕೆಳಗೆ ಎರಡು ಹಂಸ.

“ಅಮ್ಮಾ, ನೀಂಗ ಸೊಲ್ಲುಂಗ, ನೀವು ಹೇಳಿ, ಊರಿಗೆ ಬಸ್ಸು ತರ್ತೀರಾ?” ಅಂದ ಏಳುಮಲೈ.

ನಾಗವೇಣಿ ಕುರ್ಚಿಗೆ ಒರಗಿ, ಒಂದು ಗಳಿಗೆ ಬಿಟ್ಟು, ಮುಂದೆ ಬಾಗಿ, “ತಂದುಕೊಡ್ತೀವಿ” ಅಂದಳು. ರಸ್ತೆ? ಒರಗಿದಳು, ಬಾಗಿದಳು, “ಮಾಡಿಸಿಕೊಡ್ತೀವಿ.” ಹೈಸ್ಕೂಲು? “ಕಟ್ಟಿಸಿಕೊಡ್ತೀವಿ.” ನಡುಮನೆಯಲ್ಲಿ ಚಪ್ಪಾಳೆ. ನಮ್ಮ ಮನೆಯಲ್ಲೇ ನಮ್ಮ ವಿರೋಧಿಗೆ ಚಪ್ಪಾಳೆ!

ನಮ್ಮ ಅತ್ತೆ ಏನಂದರು? “ಬಸ್ಸು ಪಂಚಾಯ್ತಿ ಕೈಲಿಲ್ಲ ಕಣಪ್ಪ. ಅರ್ಜಿ ಬರೀಬಹುದು, ಹಿಂದೆ ಬಿದ್ದು ಕೇಳ್ಬಹುದು. ಹೈಸ್ಕೂಲೂ ನಮ್ ಕೈಲಿಲ್ಲ. ಬೀದಿ ದೀಪ ಐತೆ, ಚರಂಡಿ ಐತೆ, ನೀರೈತೆ. ನೀರು ಪೂರ್ತಿ ನಮ್ ಕೈಲೈತೆ.”

“ಅಯ್ಯೋ ರತ್ನಕ್ಕ, ಆಯ್ತದೆ ಅನ್ಬಾರ್ದಾ!” ಅಂತ ಯಾರೋ ಟಿವಿಗೇ ಬೈದರು. ಅತ್ತೆ ಬ್ಯಾಗಿನಿಂದ ಚಪ್ಪಟೆ ಬಿಂದಿಗೆ ತೆಗೆದು ಮೇಜಿನ ಮೇಲಿಟ್ಟಾಗಲಂತೂ, “ಇದೇನು, ಪಾತ್ರೆ ಅಂಗಡಿ ಜಾಹೀರಾತಾ?” ಅಂತ ಜಗಲಿಯಿಂದ ಕೂಗು ಬಂತು, ನಗೆ ಎದ್ದಿತು. ಕೊನೆಗೆ ಇಬ್ಬರೂ ಒಬ್ಬರನ್ನೊಬ್ಬರು ಒಂದು ಪ್ರಶ್ನೆ ಕೇಳಬಹುದು ಅಂದ ಏಳುಮಲೈ. ನಾಗವೇಣಿ ಏನೂ ಕೇಳಲಿಲ್ಲ. ಅತ್ತೆ ಬಿಂದಿಗೆಯನ್ನು ಅವಳ ಕಡೆಗೆ ತಳ್ಳಿ, “ಆನೆ ತುಳಿದಿದ್ದು ಕಣಮ್ಮ ಇದು. ನೀನು ಗೆದ್ರೆ ಹಗಲೊತ್ತು ನೀರು ಬಿಡಿಸ್ತೀಯಾ?” ಅಂದರು. ನಾಗವೇಣಿ ಅದನ್ನು ಕೈಗೆತ್ತಿಕೊಂಡು, ಮಗುಚಿ ನೋಡಿ, “ಬಿಡಿಸ್ತೀನಿ ಅಕ್ಕ. ಹೊತ್ತು ಹುಟ್ಟಿದ ಮೇಲೇನೆ ಬಿಡಿಸ್ತೀನಿ” ಅಂದಳು. ಮತ್ತೆ ಹೂವಿನ ಮಳೆ, ಶಂಖ, ಮುಗಿಯಿತು.

ಜನ ಏಳುತ್ತಾ ತೀರ್ಪು ಕೊಟ್ಟರು: ನಾಗವೇಣಿ ಎಲ್ಲದಕ್ಕೂ ಹೂಂ ಅಂದಳು, ರತ್ನಕ್ಕ ಎಲ್ಲದಕ್ಕೂ ಇಲ್ಲ ಅಂದಳು. ರೇಷ್ಮೆ ಸೀರೆ ಬಲು ಚೆನ್ನಾಗಿತ್ತು. ನನಗೆ ಅಳು ಬರುವಷ್ಟು ಸಿಟ್ಟು. ಅಡುಗೆಮನೆಗೆ ಹೋದರೆ ಅತ್ತೆ ತಣ್ಣಗೆ, “ಇಲ್ದಿದ್ದನ್ನ ಐತೆ ಅನ್ನಕಾಯ್ತದಾ ಸರೋಜಿ? ಆ ಲೈಟು ಕಣ್ಣು ಕುಕ್ತಿತ್ತು, ನಂಗೆ ಯಾರ್ ಮುಖಾನೂ ಕಾಣ್ಲಿಲ್ಲ” ಅಂದರು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಏಳುಮಲೈ ಹತ್ತಿರ ಹೊಸ ಕ್ಯಾಸೆಟ್ ಎಲ್ಲಿತ್ತು? ಕಾಸು ಹಾಕಿ ತೆಗೆದ ಕಾರ್ಯಕ್ರಮ, ಅದನ್ನೇ ಸೋಮವಾರವೂ ಹಾಕಿದ, ಮಂಗಳವಾರವೂ ಹಾಕಿದ. ಬೆಳಿಗ್ಗೆ ಭಕ್ತಿಗೀತೆ ಆದಮೇಲೆ ಒಂದು ಸಲ, ಸಂಜೆ ಸಿನಿಮಾಕ್ಕೆ ಮುಂಚೆ ಒಂದು ಸಲ. ಸಿನಿಮಾ ಬೇಕೆಂದರೆ ಇದನ್ನು ನೋಡಲೇಬೇಕು. ಜನವೂ ನೋಡಿದರು, ಬೈಯುತ್ತಲೇ ನೋಡಿದರು.

ಆಗಲೇ ಆ ಚಮತ್ಕಾರ ನಡೆದದ್ದು. ಮೊದಲ ಸಲ ಎಲ್ಲರೂ ಸೀರೆ ನೋಡಿದ್ದರು. ಎರಡನೇ ಸಲ ಯಾರು ನಕ್ಕರು, ಯಾರು ಬೆವರಿದರು ಅಂತ ನೋಡಿದರು. ಅದಾದ ಮೇಲೆ ನೋಡುವುದಕ್ಕೆ ಏನೂ ಉಳಿಯಲಿಲ್ಲವಲ್ಲ, ಬೇರೆ ದಾರಿ ಇಲ್ಲದೆ ಕೇಳಿಸಿಕೊಳ್ಳಲು ಶುರುಮಾಡಿದರು. ಬುಧವಾರವೋ ಗುರುವಾರವೋ, ಒಬ್ಬಾಕೆ ಮಗುವಿಗೆ ಅನ್ನ ಉಣಿಸುತ್ತಾ, “ಅಲ್ಲ, ಬಸ್ಸು ಪಂಚಾಯ್ತಿ ಕೈಲಿಲ್ಲ ಅಂದ್ರೆ ಮತ್ಯಾರ ಕೈಲೈತೆ?” ಅಂದಳು. ಯಾರಿಗೂ ಗೊತ್ತಿರಲಿಲ್ಲ. ನಮ್ಮ ಯಜಮಾನರು ಫ್ಯಾಕ್ಟರಿಯಲ್ಲಿ ಯೂನಿಯನ್ನಿನವರನ್ನು ಕೇಳಿಕೊಂಡು ಬಂದರು: ಬಸ್ಸು ಸರ್ಕಾರದ ಸಾರಿಗೆಯವರ ಕೈಲಿ, ಅದಕ್ಕೆ ಹಿಡಿಯಬೇಕಾದ್ದು ಎಮ್ಮೆಲ್ಲೆಯನ್ನು. ಹಾಗಾದರೆ ರೇಷನ್ ಅಂಗಡಿ ಯಾರ ಕೈಲಿ? ಆಸ್ಪತ್ರೆ? ಕೆರೆ?

ಇದೊಂದು ಆಟವೇ ಆಗಿಹೋಯಿತು. ಕಳೆ ಕೀಳುವಾಗ, ಟೊಮೆಟೊ ಬುಟ್ಟಿ ತುಂಬುವಾಗ, ಎಲ್ಲಿ ನೋಡಿದರೂ “ಯಾರ ಕೈಲೈತೆ?” ಮಕ್ಕಳು ಪರೀಕ್ಷೆಯಲ್ಲಿ ಫೇಲಾದರೂ, “ಪಾಸು ಮಾಡೋದು ಪಂಚಾಯ್ತಿ ಕೈಲಿಲ್ಲ ಕಣಪ್ಪ” ಅಂತ ನಮ್ಮ ಅತ್ತೆಯ ದನಿಯಲ್ಲೇ ಅಣಕಿಸುತ್ತಿದ್ದರು. ಮಾವನಿಗೆ ಕಾಫಿ ತಡವಾದರೆ, “ಕಾಫಿ ಯಾರ ಕೈಲೈತೆ?” ನಾನು ಶಾಲೆಯಲ್ಲಿ ಪೌರನೀತಿಯ ಪಾಠ ಬಾಯಿಪಾಠ ಮಾಡಿ ಒಳ್ಳೇ ಅಂಕ ತೆಗೆದವಳು. ಪಂಚಾಯಿತಿಗೆ ಏನು ಅಧಿಕಾರ ಅಂತ ನಿಜವಾಗಿ ತಿಳಿದದ್ದು ಆ ನಡುಮನೆಯಲ್ಲಿ, ಆ ಧೂಳಿನ ವಾಸನೆಯಲ್ಲಿ. ವಾದವಿವಾದ, ಜಗಳ, ನಗು. ಸಂಜೆ ಆಗುವುದನ್ನೇ ಕಾಯುತ್ತಿದ್ದೆ.

ಇಷ್ಟಾದ ಮೇಲೆ ಅತ್ತೆ ಗೆಲ್ಲುತ್ತಾರೆ ಅಂತಲೇ ನಾನು ನಂಬಿದ್ದೆ. ಸೋತರು. ತೀರಾ ಕೂದಲೆಳೆಯಲ್ಲಿ ಸೋತರು. ನಮ್ಮ ಪಂಚಾಯಿತಿಗೆ ಸೇರಿದ ಕಾಡಿನಾಚೆಯ ಎರಡು ಹಳ್ಳಿಗಳಿಗೆ ಕೇಬಲ್ ಇರಲಿಲ್ಲ, ಅಲ್ಲಿಯವರು ಎಂದಿನಂತೆ ಕೃಷ್ಣಪ್ಪನ ಮುಖ ನೋಡಿ ಓಟು ಹಾಕಿದ್ದರು. ಪಟಾಕಿ ಹೊಡೆಸಿಕೊಂಡು, ಹಾರ ಹಾಕಿಸಿಕೊಂಡು ಮೆರವಣಿಗೆ ಹೋದವನು ಕೃಷ್ಣಪ್ಪನೇ. ಗೆದ್ದ ನಾಗವೇಣಿ ಹಿಂದೆ ಜೀಪಿನಲ್ಲಿ ಕೂತಿದ್ದಳು. ಮರುದಿನ ಕೋಳಿ ಕೂಗುವ ಹೊತ್ತಿಗೆ ನಲ್ಲಿಯಲ್ಲಿ ನೀರು ಬಂತು, ಅದೇ ಕತ್ತಲಲ್ಲಿ. ಅತ್ತೆ ಪ್ಲಾಸ್ಟಿಕ್ ಬಿಂದಿಗೆ ಎತ್ತಿಕೊಂಡು ಹೊರಟರು. ನಾನು ಇನ್ನೊಂದನ್ನು ಎತ್ತಿಕೊಂಡು ಅವರ ಹಿಂದೆಯೇ ಹೋದೆ.

ಚುನಾವಣೆ ಮುಗಿದರೂ ಏಳುಮಲೈ ಕ್ಯಾಸೆಟ್ ನಿಲ್ಲಿಸಲಿಲ್ಲ. ಒಂದು ಸಂಜೆ ಅದು ಬಂದಾಗ ಅತ್ತೆ, “ಆರ್ಸೆ ಅದನ್ನ” ಅಂದರು. ನಾನು ಏಳುವಷ್ಟರಲ್ಲಿ, ಮೂಲೆಯಲ್ಲಿ ಕೂತಿದ್ದ ಚಿಕ್ಕತಾಯಮ್ಮ ಕೈಯೆತ್ತಿ ತಡೆದಳು. ಪಕ್ಕದ ಮನೆಯ ಮುದುಕಿ, ಎರಡೂ ಕಿವಿ ಕೇಳುತ್ತಿರಲಿಲ್ಲ. ದಿನಾ ಬಂದು ಬಾಯಿ ಅಲ್ಲಾಡುವುದನ್ನಷ್ಟೇ ನೋಡಿ ಹೋಗುತ್ತಿದ್ದವಳು. ಕಿವಿ ಕೇಳದವರ ಹಾಗೆ ಜೋರಾಗಿ, “ಇರ್ಲಿ ಇರ್ಲಿ! ಆ ಬೂಟಿನ ಗಂಡ್ಸು ಈಗ ಕುಣೀತಾನೆ!” ಅಂದಳು.

“ಯಾವ ಬೂಟು?” ಅಂತ ನಾನು ಸನ್ನೆ ಮಾಡಿದೆ.

ಎದ್ದು ಬಂದು ಟಿವಿಯ ಗಾಜಿನ ಮೇಲೆ ಬೆರಳಿಟ್ಟು ತೋರಿಸಿದಳು. ಜಲಪಾತದ ಪರದೆ ನೆಲ ಮುಟ್ಟುತ್ತಿರಲಿಲ್ಲ. ನಾಗವೇಣಿಯ ಕುರ್ಚಿಯ ಹಿಂದೆ, ಎರಡು ಹಂಸಗಳ ಕೆಳಗೆ, ಎರಡು ಬಿಳೀ ಬೂಟು! ಇಷ್ಟು ದಿನ ಇಡೀ ಊರು ಮುಖ ನೋಡಿತು, ಸೀರೆ ನೋಡಿತು, ಮಾತು ಬಾಯಿಪಾಠ ಮಾಡಿತು. ಪರದೆಯ ಬುಡ ನೋಡಿದವರು ಇಲ್ಲ. ಗಂಡಂದಿರು ಕೆಳಗಿರಬೇಕು ಅಂದಾಗ ಕೃಷ್ಣಪ್ಪ ಹಿಂದಿನ ಮೆಟ್ಟಿಲು ಹತ್ತಿ ಜಲಪಾತದೊಳಗೆ ಸೇರಿಕೊಂಡಿದ್ದ.

ಮರುದಿನ ಬೆಳಗಿನ ಪ್ರಸಾರಕ್ಕೆ ನಮ್ಮ ಮನೆಯಲ್ಲಿ ಜಾತ್ರೆ. ಅಡುಗೆಮನೆ ಬಿಟ್ಟು ಅತ್ತೆಯೂ ಮುಂದೆ ಬಂದು ಕೂತರು. ಈಗ ಎಲ್ಲ ಬಯಲಾಯಿತು. ಪ್ರಶ್ನೆ ಬರುತ್ತದೆ, ನಾಗವೇಣಿ ಒರಗುತ್ತಾಳೆ, ಬೂಟು ಒಂದು ಹೆಜ್ಜೆ ಮುಂದೆ ಬರುತ್ತದೆ, ಬೂಟು ಹಿಂದೆ ಹೋಗುತ್ತದೆ, ಅವಳು ಬಾಗಿ “ತಂದುಕೊಡ್ತೀವಿ” ಅನ್ನುತ್ತಾಳೆ. ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಆದರೆ ಕೊನೆಯ ಪ್ರಶ್ನೆ ಬಂದಾಗ ಅತ್ತೆ, “ಶ್, ಸುಮ್ಕಿರಿ” ಅಂದರು. ಟಿವಿಯಲ್ಲಿ ನಾಗವೇಣಿ ಬಿಂದಿಗೆ ಮಗುಚಿ ನೋಡಿದಳು. ಒರಗಲಿಲ್ಲ. ಬೂಟು ಮುಂದೆ ಬಂತು, ಅವಳು ಕಾಯಲಿಲ್ಲ. “ಬಿಡಿಸ್ತೀನಿ ಅಕ್ಕ” ಅಂದಳು. ಅಂದದ್ದೇ ಬೂಟು ಎರಡೂ ಎಗರಿಬಿದ್ದವು, ಜಲಪಾತ ಮೇಲಿನಿಂದ ಕೆಳಗಿನವರೆಗೆ ಅಲ್ಲಾಡಿತು.

“ನೋಡಿದ್ಯಾ ಸರೋಜಿ,” ಅಂದರು ಅತ್ತೆ. ಅವರ ಕಣ್ಣು ಹೊಳೆಯುತ್ತಿತ್ತು. “ಮಿಕ್ಕಿದ್ದೆಲ್ಲ ‘ವಿ’, ಕೊಡ್ತೀವಿ, ಮಾಡ್ತೀವಿ ಅಂತ. ಅದೆಲ್ಲ ಅವನ್ದು. ಬಿಡಿಸ್ತೀನಿ ಅನ್ನೋ ಇದೊಂದು ಮಾತು ಮಾತ್ರ ಆಯಮ್ಮಂದು.”

ಜನವರಿ ಇಪ್ಪತ್ತಾರರ ಗ್ರಾಮಸಭೆ ಶಾಲೆಯ ಜಗಲಿಯಲ್ಲಿ. ಯಾವತ್ತೂ ಅಲ್ಲಿಗೆ ಹತ್ತು ಜನ ಬಂದು, ಬಾವುಟ ಹಾರಿಸಿ, ಚಾಕ್ಲೇಟು ತಿಂದು, ಹೆಬ್ಬೆಟ್ಟು ಒತ್ತಿ ಹೋಗುವುದು ವಾಡಿಕೆಯಂತೆ. ಆ ವರ್ಷ ಹೆಂಗಸರೇ ಅಂಗಳದ ತುಂಬ. ರಾಗಿ ಕಣದ ಕೆಲಸ ಬಿಟ್ಟು ಬಂದಿದ್ದರು, ಸೆರಗಿನಲ್ಲಿ ಇನ್ನೂ ಹೊಟ್ಟು. ಕುರ್ಚಿಯಲ್ಲಿ ನಾಗವೇಣಿ, ಪಕ್ಕದ ಕುರ್ಚಿಯಲ್ಲಿ ಬಿಳೀ ಬೂಟು ಹಾಕಿ ಕಾಲ ಮೇಲೆ ಕಾಲು ಹಾಕಿದ ಕೃಷ್ಣಪ್ಪ. ಅವನೇ ಎದ್ದು, “ಏನಾದ್ರೂ ಕೇಳೋದಿದ್ರೆ ಕೇಳ್ರಪ್ಪ” ಅಂದ.

ನಮ್ಮ ಅತ್ತೆ ಎದ್ದು ನಿಂತರು. ಗೆದ್ದವರಿಗಿಂತ ಸೋತವರು ಮೊದಲು ಮಾತಾಡುವುದು ಸರಿಯೇ ಅಂತ ನಾನು ಅವರ ಸೆರಗು ಜಗ್ಗಿದೆ. ಅವರು ಕೃಷ್ಣಪ್ಪನ ಕಡೆ ನೋಡಲೇ ಇಲ್ಲ. ಚಪ್ಪಟೆ ಬಿಂದಿಗೆಯನ್ನು ತೆಗೆದುಕೊಂಡು ಹೋಗಿ ನಾಗವೇಣಿಯ ಮಡಿಲಲ್ಲಿಟ್ಟರು.

“ಬಸ್ಸು ಕೇಳಾಕಿಲ್ಲ, ಹೈಸ್ಕೂಲು ಕೇಳಾಕಿಲ್ಲ ಕಣವ್ವ. ಅವೆಲ್ಲ ನೀನು ಹೇಳಿದ್ದಲ್ಲ. ನೀನಾಗೇ ಹೇಳಿದ್ದು ಒಂದೇ ಒಂದು, ಅದನ್ನ ಕೇಳಾಕೆ ಬಂದಿವ್ನಿ.”

“ಅದಾ, ಪಂಪಿನ ವಿಚಾರ, ನೋಡಣ, ಅದಕ್ಕೆ ಏನಂದ್ರೆ...” ಅಂತ ಕೃಷ್ಣಪ್ಪ ಬಾಯಿ ತೆಗೆದ. ಹಿಂದಿನಿಂದ ಚಿಕ್ಕತಾಯಮ್ಮ, ಏನೂ ಕೇಳಿಸದಿದ್ದರೂ ಅವನ ಬಾಯಿ ಅಲ್ಲಾಡಿದ್ದನ್ನು ನೋಡಿ, ಊರಿಗೆಲ್ಲ ಕೇಳುವಂತೆ, “ಏಯ್, ಪರದೆ ಹಿಂದಕ್ಕೆ ಹೋಗ್ಲಾ!” ಅಂದಳು. ಅಂಗಳವೆಲ್ಲ ಭೋರೆಂದು ನಕ್ಕಿತು. ಕೃಷ್ಣಪ್ಪ ಬೂಟನ್ನು ಪಂಚೆಯೊಳಗೆ ಎಳೆದುಕೊಂಡ. ನಾಗವೇಣಿಯ ಮುಖ ಮೊದಲು ಕೆಂಪಾಯಿತು. ಆಮೇಲೆ, ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ, ಅವಳೂ ನಕ್ಕಳು. ಬಿಂದಿಗೆಯನ್ನು ಮಡಿಲಲ್ಲಿ ಹಿಡಿದುಕೊಂಡೇ ಗಂಡನಿಗೆ, “ರೀ, ನೀವು ಸುಮ್ನೆ ಕೂತ್ಕಳಿ” ಅಂದಳು. ಪಂಪಿನವನ ಕಡೆ ತಿರುಗಿ, “ನಾಳೆಯಿಂದ ಹೊತ್ತು ಹುಟ್ಟಿದ ಮೇಲೆ ಊರಿಗೆ ಬಿಡು. ಉಳಿದ್ರೆ ತೋಟಕ್ಕೆ” ಅಂದಳು. ಅವನು ಅಭ್ಯಾಸ ಬಲದಿಂದ ಕೃಷ್ಣಪ್ಪನನ್ನು ನೋಡಿದ. “ಆ ಕಡೆ ಯಾಕೆ ನೋಡ್ತೀಯ? ಪಂಪು ಯಾರ ಕೈಲೈತೆ?” ಅಂದಳು ನಾಗವೇಣಿ.

ಹೆಂಗಸರೆಲ್ಲ ಒಟ್ಟಿಗೆ ಕೂಗಿದ ಉತ್ತರ ಕಾಡಿನ ತನಕ ಕೇಳಿಸಿರಬೇಕು.

ಮಾರನೇ ದಿನ ಕಾಫಿ ಕುಡಿದು, ತಲೆ ಬಾಚಿ, ಬೆಳ್ಳಂಬೆಳಗಿನಲ್ಲಿ ನೀರಿಗೆ ಹೊರಟೆವು. ದಾರಿಯಲ್ಲಿ ಆನೆ ಲದ್ದಿ ಬಿದ್ದಿತ್ತು, ಆಗಲೇ ತಣ್ಣಗಾಗಿತ್ತು. ನಲ್ಲಿಯ ಹತ್ತಿರ ಗಲಗಲ ಮಾತು. ಕತ್ತಲಲ್ಲಿ ಉಸಿರು ಬಿಗಿಹಿಡಿದು ನೀರು ತುಂಬಿದವರಿಗೆ ಹಗಲಲ್ಲಿ ಒಬ್ಬರ ಮುಖ ಒಬ್ಬರು ನೋಡುವುದೇ ಒಂದು ಸಂಭ್ರಮ. ನನ್ನ ಬಿಂದಿಗೆ ತುಂಬಿ ಚೆಲ್ಲುತ್ತಿದ್ದರೂ ಅಲ್ಲಿಂದ ಹೊರಡಲು ಮನಸ್ಸು ಬರಲಿಲ್ಲ. ಬಿಸಿಲು ಏರಿತು. ಎರಡನೇ ಸಲ ಹೊತ್ತು ಬರುವಾಗ ಅತ್ತೆ ಬಿಂದಿಗೆ ಇಳಿಸಿ, ನೆತ್ತಿಯ ಬೆವರು ಒರೆಸಿಕೊಂಡು, ಸುತ್ತ ಇದ್ದವರನ್ನೆಲ್ಲ ಗದರಿಸುವವರ ಹಾಗೆ ನೋಡಿದರು.

“ಥೂ, ಏನ್ ಬಿಸ್ಲಪ್ಪ ಇದು! ಹಗಲೊತ್ತು ನೀರು ಬಿಡಿ ಅಂತ ಕೇಳಿದೋಳು ಯಾವಳೇ ಅವಳು?”